ತಾಳೆಚಿಟ್ಟೆಯ ಬಲಗಾಲು: ಕಂತು ಏಳು

“ಒಟ್ಟು ಎಷ್ಟು ಕಾಲು ಅಂತ ಬರ್ಕೊಳ್ಲಿ ಸಾರ್?” ಉದ್ದಣ್ಣ ಪೆನ್ನಿನ ಹಿಂದಿನ ತುದಿ ಕಚ್ಚಿಕೊಂಡು ಕೇಳಿದ.

“ಆರು,” ಅಂದರು ಅಳಿಯಂದಿರು.

“ಅದರಲ್ಲಿ ಕಳುವಾಗಿದ್ದು?”

“ಒಂದು.”

“ಹಾಗಾದ್ರೆ ಇನ್ನೂ ಐದು ಇರಬೇಕಲ್ಲ ಸಾರ್. ಇಲ್ಲಿ ಒಂದೂ ಕಾಣ್ತಿಲ್ಲ.”

“ಮುಂದಿನ ಎರಡನ್ನ ಬಿಟ್ಬಿಡಿ. ಈ ಕುಟುಂಬದ ಚಿಟ್ಟೆಗಳಲ್ಲಿ ಅವು ತೀರಾ ಸಣ್ಣವು, ಕತ್ತಿನ ಕೆಳಗೆ ಮಡಚ್ಕೊಂಡಿರ್ತವೆ. ನಡೆಯೋದು ನಾಲ್ಕರಲ್ಲೇ. ಆ ನಾಲ್ಕರಲ್ಲಿ ಮೂರು, ಜೊತೆಗೆ ಆ ಸಣ್ಣವೆರಡು, ಯಾವ ಕಾಲದಲ್ಲೋ ಉದುರಿಹೋಗಿವೆ. ಉಳಿದಿದ್ದು ಹಿಂದಿನ ಬಲಗಾಲು ಒಂದೇ. ಅದನ್ನೇ ಕದ್ದಿದಾರೆ.”

ಉದ್ದಣ್ಣ ತಲೆಯಾಡಿಸಿ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ. “ಆರು ಕಾಲಿನ, ನಾಲ್ಕು ಕಾಲಲ್ಲಿ ನಡೆಯುವ, ಒಂದೇ ಕಾಲಿದ್ದ ಚಿಟ್ಟೆ. ಸದ್ಯಕ್ಕೆ ಕಾಲಿಲ್ಲ.”

ಇನ್ಸ್‌ಪೆಕ್ಟರಮ್ಮ ಹಣೆ ಒತ್ತಿಕೊಂಡಳು.

ಉದ್ದಣ್ಣ ಅನ್ನುವುದು ಠಾಣೆಯವರು ಇಟ್ಟ ಹೆಸರು. ಆಸಾಮಿ ಇನ್ಸ್‌ಪೆಕ್ಟರಮ್ಮನ ಭುಜಕ್ಕೆ ಬರುತ್ತಿದ್ದ. ಉದ್ದ ಇದ್ದದ್ದು ಅವನ ವರದಿ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಂದು ಸೈಕಲ್ ಕಳವಿನ ಬಗ್ಗೆಯೂ ಅವನು ಹನ್ನೆರಡು ಪುಟಕ್ಕೆ ಕಡಿಮೆ ಬರೆದವನಲ್ಲ.

ಸೋಮವಾರ ಮಧ್ಯಾಹ್ನ ಈ ಕೀಟ ಸಂಗ್ರಹಾಲಯದ ಮೂರನೇ ಮಹಡಿಯಿಂದ ಒಂದು ಚಿಟ್ಟೆಯ ಒಂದು ಕಾಲು ಮಾಯವಾಗಿತ್ತು. ಇವತ್ತು ಗುರುವಾರ. ಠಾಣೆಯಲ್ಲಿ ಎಲ್ಲರೂ ಸೇರಿ ಇನ್ಸ್‌ಪೆಕ್ಟರಮ್ಮನ ಕಾಲೆಳೆಯಲು ಶುರುಮಾಡಿ ಮೂರು ದಿನವಾಗಿತ್ತು. ಬೆಳಿಗ್ಗೆ ದೊಡ್ಡ ಸಾಹೇಬರು ಫೋನ್ ಮಾಡಿ, “ಏನಮ್ಮಾ, ಕಳ್ಳ ಕುಂಟಿಕೊಂಡು ಓಡಿದನೋ ಹಾರಿಕೊಂಡು ಹೋದನೋ?” ಎಂದು ಕೇಳಿ ತಾವೇ ನಕ್ಕಿದ್ದರು. ಆಕೆ “ಎಸ್ ಸರ್” ಅಂದಿದ್ದಳು.

ಅದರ ಮೇಲೆ ಆಕೆಗೆ ಹುಳುಹುಪ್ಪಟೆ ಕಂಡರಾಗದು. ಮನೆಯ ಗೋಡೆ ಮೇಲೆ ಪತಂಗ ಕೂತರೆ ಗಂಡನನ್ನು ಕೂಗಿ ಕರೆಯುವ ಹೆಂಗಸು ಆಕೆ. ಇಲ್ಲಿ ನೋಡಿದರೆ ನಾಲ್ಕೂ ಗೋಡೆಗೆ ನೆಲದಿಂದ ಸೂರಿನವರೆಗೆ ಮರದ ಖಾನೆಗಳು, ಖಾನೆ ತುಂಬಾ ಸೂಜಿ ಚುಚ್ಚಿಸಿಕೊಂಡ ರೆಕ್ಕೆಗಳು, ಎಲ್ಲದರಿಂದಲೂ ನುಸಿಗುಳಿಗೆಯ ಘಾಟು. ಆಕೆ ಕೋಣೆಯ ನಟ್ಟನಡುವೆ, ಎಲ್ಲ ಗೋಡೆಗಳಿಂದಲೂ ಸಮದೂರದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದಳು.

“ಇನ್ನೊಂದು ಸಲ ಹೇಳಿ ಸಾರ್. ನಿಧಾನವಾಗಿ. ಈ ಕಾಲು ಯಾಕೆ ಬೇಕಿತ್ತು?”

ಅಳಿಯಂದಿರು ಸಂಗ್ರಹಾಲಯದ ಮುಖ್ಯಸ್ಥರು. ಬಾಗಿಲ ಮೇಲೆ ಅವರ ಪದವಿಗಳ ಬೋರ್ಡು ಬಾಗಿಲಿಗಿಂತ ಅಗಲವಾಗಿತ್ತು. ಆದರೂ ಗೇಟಿನ ಕಾವಲುಗಾರನಿಂದ ಹಿಡಿದು ಕಟ್ಟಡದ ಎಲ್ಲರಿಗೂ ಅವರು ಅಳಿಯಂದಿರೇ. ಯಾಕೆಂದರೆ ಕಿಟಕಿ ಪಕ್ಕದ ಮೇಜಿನ ಹಿಂದೆ ಅವರ ಮಾವ ಕೂತಿದ್ದರು. ಹಿಂದೆ ಇದೇ ಸಂಗ್ರಹಾಲಯದ ಮುಖ್ಯಸ್ಥರಾಗಿದ್ದವರು, ನಿವೃತ್ತರಾಗಿ ಹದಿನಾರು ವರ್ಷವಾದರೂ ದಿನಾ ಹತ್ತು ಗಂಟೆಗೆ ಸರಿಯಾಗಿ ಬಂದು ಕೂರುವವರು. ಅವರು ಎಲ್ಲರಿಗೂ ಮೇಷ್ಟ್ರು.

ಅಳಿಯಂದಿರು ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆಯ ಮುಂದೆ ನಿಂತರು. ಅದರಲ್ಲಿ ಒಂದು ಗೆರೆ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಪೊರಕೆಯ ಹಾಗೆ ಹರಡಿಕೊಂಡಿತ್ತು.

“ಇದು ತಾಳೆಚಿಟ್ಟೆಗಳ ವಂಶಾವಳಿ. ಒಂದೇ ಕುಲ, ಐವತ್ತರ ಹತ್ತಿರ ಪ್ರಭೇದ. ಹುಳುವಾಗಿದ್ದಾಗ ತಾಳೆ ಜಾತಿ ಗಿಡಗಳ ಎಲೆ ತಿಂದು ಬೆಳೆಯೋದ್ರಿಂದ ಈ ಹೆಸರು. ವೇಷ ಹಾಕೋದ್ರಲ್ಲಿ ಇವು ಗಟ್ಟಿಗರು. ಕಹಿಯಾಗಿರೋ ಚಿಟ್ಟೆಗಳನ್ನ ಹಕ್ಕಿ ಮುಟ್ಟಲ್ಲ ನೋಡಿ. ಇವು ಕಹಿ ಅಲ್ಲ, ಆದ್ರೆ ಕಹಿ ಚಿಟ್ಟೆ ಥರಾನೇ ಬಣ್ಣ ಹಚ್ಕೊಂಡು ಬದುಕ್ತವೆ. ಒಂದು ದ್ವೀಪದಲ್ಲಿ ಹೆಣ್ಣು ಕಿತ್ತಳೆ ಬಣ್ಣ ಇರತ್ತೆ. ಪಕ್ಕದ ದ್ವೀಪದಲ್ಲಿ ಅದೇ ಪ್ರಭೇದದ ಹೆಣ್ಣು ಕಪ್ಪು. ಯಾಕಂದ್ರೆ ಅಲ್ಲಿನ ಕಹಿ ಚಿಟ್ಟೆ ಕಪ್ಪು.”

“ಅಂದ್ರೆ ಸ್ವಂತ ಅಕ್ಕತಂಗಿ ಬೇರೆ ಬೇರೆ ಥರ ಕಾಣ್ತಾರೆ,” ಅಂದಳು ಇನ್ಸ್‌ಪೆಕ್ಟರಮ್ಮ.

“ಹೌದು. ದೂರದ ನೆಂಟರು ಒಂದೇ ಥರ ಕಾಣ್ತಾರೆ. ಮುಖ ನೋಡಿ ನೆಂಟಸ್ತಿಕೆ ಹೇಳೋಕೆ ಹೋದ್ರೆ ಕೆಟ್ರಿ. ಅದಕ್ಕೇ ನಾನು ರೆಕ್ಕೆ ನೋಡೋದನ್ನೇ ಬಿಟ್ಟಿದೀನಿ. ಕಾಲಿನ ಒಂದು ತುಣುಕು ಸಾಕು, ಡಿಎನ್‌ಎ ಎಲ್ಲ ಹೇಳತ್ತೆ. ಯಾರು ಯಾರಿಂದ ಕವಲೊಡೆದ್ರು, ಯಾರು ಯಾರಿಗೆ ದಾಯಾದಿ, ಎಲ್ಲ.”

ಇನ್ಸ್‌ಪೆಕ್ಟರಮ್ಮನಿಗೆ ತನ್ನ ಇಬ್ಬರು ನಾದಿನಿಯರು ನೆನಪಾದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಆಣೆ ಮಾಡಿ ಹೇಳಿದರೂ ನಂಬುವ ಹಾಗಿರಲಿಲ್ಲ. ವಿಷಯ ತಟ್ಟನೆ ತಲೆಗೆ ಹತ್ತಿತು.

ಹಾಳೆಯಲ್ಲಿ ಪ್ರತಿ ಕವಲಿನ ತುದಿಗೂ ಒಂದೊಂದು ಹೆಸರಿತ್ತು. ಒಂದು ತುದಿ ಮಾತ್ರ ಯಾವ ಕೊಂಬೆಗೂ ಸೇರದೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹೊತ್ತು ನಿಂತಿತ್ತು.

“ಅದು ಮಾವನವರ ಚಿಟ್ಟೆ. ನಲವತ್ತು ವರ್ಷದ ಹಿಂದೆ ಸಿಕ್ಕಿದ್ದು, ಹೆಣ್ಣು. ಇಡೀ ಲೋಕದಲ್ಲಿ ಇಂಥದ್ದು ಇದೊಂದೇ. ಹೊಸ ಪ್ರಭೇದ ಅಂತ ಅವರು ಹೆಸರಿಟ್ರು. ನನಗೆ ಅನುಮಾನ. ನಮ್ಮ ಮಾಮೂಲಿ ತಾಳೆಚಿಟ್ಟೆಯೇ ಇನ್ನೊಂದು ವೇಷ ಹಾಕಿರಬಹುದು. ಡಿಎನ್‌ಎಗೆ ಅಂತ ಹೊಟ್ಟೆ ಮುಟ್ಟೋಕೆ ಸಂಗ್ರಹಾಲಯದ ನಿಯಮ ಬಿಡಲ್ಲ. ಕಾಲು ತೆಗೆಯೋಕೆ ಅಪ್ಪಣೆ ಸಿಗೋಕೇ ಹದಿನಾಲ್ಕು ತಿಂಗಳು ಬೇಕಾಯ್ತು. ಸೋಮವಾರ ಪ್ರಯೋಗಾಲಯದವರು ಬಂದ್ರು, ಕಾಲು ಹೋಯ್ತು.”

ಕಿಟಕಿ ಕಡೆಯಿಂದ ಧ್ವನಿ ಬಂತು. “ಅವರಿಗೆ ಹೇಳಿ, ಅನುಮಾನ ಪಡೋಕೆ ಮುಂಚೆ ರೆಕ್ಕೆ ನೋಡಬೇಕು ಅಂತ.”

ಉದ್ದಣ್ಣ ಅಳಿಯಂದಿರ ಕಡೆ ತಿರುಗಿದ. “ಸಾರ್, ರೆಕ್ಕೆ ನೋಡಬೇಕಂತೆ.”

“ಕೇಳಿಸ್ತು. ಮಾವನವರಿಗೆ ಹೇಳಿ, ರೆಕ್ಕೆ ಸುಳ್ಳು ಹೇಳತ್ತೆ ಅಂತ.”

“ಮೇಷ್ಟ್ರೇ, ರೆಕ್ಕೆ ಸುಳ್ಳು ಹೇಳತ್ತಂತೆ.”

“ಉದ್ದಣ್ಣ, ನೀನು ಬರೆಯೋ ಕೆಲಸ ನೋಡು,” ಅಂದಳು ಇನ್ಸ್‌ಪೆಕ್ಟರಮ್ಮ.

ಮಾವ ಅಳಿಯನಿಗೆ ನೇರ ಮಾತು ನಿಂತೂ ಹದಿನಾಲ್ಕು ತಿಂಗಳಾಗಿತ್ತು. ಮೇಷ್ಟ್ರ ಮಗಳು, ಅಂದರೆ ಅಳಿಯಂದಿರ ಹೆಂಡತಿ, ಮೊದಲೆಲ್ಲ ಎರಡು ಮನೆಗಳ ನಡುವೆ ಮಾತು ಹೊತ್ತು ತಿರುಗಿದಳು. ಕೊನೆಗೆ ಸಾಕಾಗಿ, ನೀವುಂಟು ನಿಮ್ಮ ಚಿಟ್ಟೆ ಉಂಟು ಎಂದು ಕೈಬಿಟ್ಟಿದ್ದಳು.

ಇನ್ಸ್‌ಪೆಕ್ಟರಮ್ಮ ಧೈರ್ಯ ಮಾಡಿ ಎದ್ದು, ಭೂತಗನ್ನಡಿ ಹಿಡಿದು, ಪೆಟ್ಟಿಗೆಯ ಮೇಲೆ ಬಾಗಿದಳು. ಗಾಜಿನ ಮುಚ್ಚಳದ ಸುತ್ತ ಸೋಮವಾರ ಸಂಜೆ ಆಕೆಯೇ ಅಂಟಿಸಿದ ಪೊಲೀಸ್ ಮೊಹರು ಹಾಗೇ ಇತ್ತು. ಒಳಗೆ ಕಂದು ಕಪ್ಪು ರೆಕ್ಕೆ, ಅಂಚಿಗೆ ನೀಲಿ ಮಿಂಚು. ಚಿಟ್ಟೆಯ ರೆಕ್ಕೆಗೆ ಬೆರಳು ತಾಗಿದರೆ ಸಾಕು, ಹಿಟ್ಟಿನಂಥ ಪುಡಿ ಉದುರುತ್ತದೆಂದು ಇಲ್ಲಿಗೆ ಬಂದ ಮೇಲೆ ಆಕೆ ಕಲಿತಿದ್ದಳು. ಪೆಟ್ಟಿಗೆಯ ಬಿಳಿ ತಳದಲ್ಲಿ ಒಂದು ಕಣ ಪುಡಿಯೂ ಇರಲಿಲ್ಲ. ಕಾಲು ಕಿತ್ತ ಕೈ ಅಂಥಿಂಥ ಕೈಯಲ್ಲ.

“ಮೇಷ್ಟ್ರೇ, ನಿನ್ನೆ ಕೊಟ್ಟ ಹೇಳಿಕೆಗೆ ರುಜು ಬಾಕಿ ಇದೆ.”

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಕೈ ಹಾಳೆ ಮುಟ್ಟುವ ಮೊದಲೇ ನಡುಗಲು ಶುರುವಾಯಿತು. ರುಜು ಹಾಳೆಯ ಮಧ್ಯದಲ್ಲಿ ಹುಟ್ಟಿ, ಗುಡ್ಡ ಹತ್ತಿ ಇಳಿದು, ಅಂಚು ದಾಟಿಹೋಯಿತು.

“ಸ್ವಲ್ಪ ಮೇಜಿಗೂ ಬಿತ್ತು,” ಅಂದರು ಮೇಷ್ಟ್ರು ನಾಚಿಕೊಂಡು.

ಆಕೆ ಕುರ್ಚಿಗೆ ಮರಳಿದಳು. ಕಾಲು ಕಾಣೆಯಾದರೆ ಲಾಭ ಮೇಷ್ಟ್ರಿಗೆ. ಆದರೆ ಆ ಕೈಯಲ್ಲಿ ಚಿಟ್ಟೆಯ ಕಾಲಿರಲಿ, ಆನೆಯ ಕಾಲು ಹಿಡಿಯುವುದೂ ಕಷ್ಟ. ಅಳಿಯಂದಿರಿಗೆ ಕೈಚಳಕವಿದೆ, ಆದರೆ ಕಾಲು ಬೇಕೆಂದು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದವರೇ ಅವರು. ಮನಸ್ಸಿದ್ದವರಿಗೆ ಕೈಯಿಲ್ಲ, ಕೈಯಿದ್ದವರಿಗೆ ಮನಸ್ಸಿಲ್ಲ. ಎರಡೂ ಇದ್ದ ಮೂರನೆಯವರು ಯಾರು?

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಊಟದ ಕ್ಯಾರಿಯರ್ ಹಿಡಿದು ಮೇಷ್ಟ್ರ ಹೆಂಡತಿ ಒಳಗೆ ಬಂದರು.

ಎಪ್ಪತ್ತು ದಾಟಿದ ಹೆಂಗಸು. ಮೂರು ಮಹಡಿ ಹತ್ತಿ ಬಂದರೂ ಉಸಿರಲ್ಲಿ ಏರಿಳಿತವಿಲ್ಲ. ಸಂಗ್ರಹಾಲಯದವರೆಲ್ಲ ಅವರನ್ನು ಅಮ್ಮಾವ್ರು ಅನ್ನುತ್ತಿದ್ದರು. ಕ್ಯಾರಿಯರ್ ಬಿಚ್ಚಿ ಒಂದು ಡಬ್ಬಿಯನ್ನು ಗಂಡನ ಮೇಜಿಗೂ, ಇನ್ನೊಂದನ್ನು ಅಳಿಯನ ಮೇಜಿಗೂ ಇಟ್ಟರು. ಎರಡರಲ್ಲೂ ಒಂದೇ ಅಡುಗೆ.

“ಅಳಿಯಂದ್ರೇ, ಉಪ್ಪು ಸ್ವಲ್ಪ ಮುಂದಾಗಿದೆ, ಹೊಂದಿಸ್ಕೊಳ್ಳಿ,” ಅಂದವರು ಇನ್ಸ್‌ಪೆಕ್ಟರಮ್ಮನ ಕಡೆ ನೋಡಿದರು. “ತಾಯಿ, ನಿಮ್ಮ ತೋಳಿನ ಗುಂಡಿ ನೇತಾಡ್ತಿದೆ.”

“ಇರ್ಲಿ ಬಿಡಿ ಅಮ್ಮ.”

“ಇರ್ಲಿ ಅಂದ್ರೆ ಇರತ್ಯೇ? ಸಂಜೆಯೊಳಗೆ ಬಿದ್ದುಹೋಗತ್ತೆ. ಖಾಕಿ ಬಟ್ಟೆಗೆ ಗುಂಡಿ ಇಲ್ಲದಿದ್ರೆ ಕಳ್ಳರೂ ಮರ್ಯಾದೆ ಕೊಡಲ್ಲ. ಕೈ ಚಾಚಿ.”

ಅವರು ಎದುರಿನ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಚೀಲದಿಂದ ಸಣ್ಣದೊಂದು ಸೂಜಿಡಬ್ಬಿ ತೆಗೆದರು. ಸೂಜಿ ಎಡಗೈಗೆ ಬಂತು, ದಾರ ಬಲಗೈಗೆ. ದಾರದ ತುದಿಯನ್ನು ನಾಲಗೆಗೆ ತಾಗಿಸಲೂ ಇಲ್ಲ, ಬೆಳಕಿಗೆ ಎತ್ತಿ ಹಿಡಿಯಲೂ ಇಲ್ಲ. ಒಂದೇ ಸಲಕ್ಕೆ ದಾರ ಕಣ್ಣು ದಾಟಿತು.

ಇನ್ಸ್‌ಪೆಕ್ಟರಮ್ಮ ನೋಡಿದಳು. ಆಕೆಗೆ ಐವತ್ತೆರಡು. ಸೂಜಿಗೆ ದಾರ ಪೋಣಿಸಲು ಆಕೆಗೆ ಹತ್ತು ನಿಮಿಷ ಬೇಕು, ಜೊತೆಗೆ ಗಂಡ ಬೇಕು.

“ಮೇಷ್ಟ್ರೇ, ಸಾರ್,” ಅಂದಳು ನಿಧಾನವಾಗಿ. “ನೀವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತು ಊಟ ಮುಗಿಸ್ಕೊಂಡು ಬನ್ನಿ.”

“ಮೇಡಂ, ಅಲ್ಲಿರೋದು ಒಂದೇ ಬೆಂಚು,” ಉದ್ದಣ್ಣ ಪಿಸುಗುಟ್ಟಿದ.

“ಗೊತ್ತು.”

ಇಬ್ಬರೂ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು, ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ಮಾತಿಲ್ಲದೆ ಕೈಸನ್ನೆ ಮಾಡಿ, ಹೊರಗೆ ಹೋದರು. ಬಾಗಿಲು ಮುಚ್ಚಿತು.

ಸೂಜಿ ಖಾಕಿ ಬಟ್ಟೆಯಲ್ಲಿ ಒಳಹೋಗಿ ಹೊರಬಂತು.

“ಅಮ್ಮ, ಸೋಮವಾರ ನೀವು ಊಟ ತಂದಾಗ ಇಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ. ಇವರು ಕೈ ತೊಳೆಯೋಕೆ ಹೋಗಿದ್ರು. ಅಳಿಯಂದ್ರು ಪ್ರಯೋಗಾಲಯದವರನ್ನ ಕರ್ಕೊಂಡು ಬರೋಕೆ ಕೆಳಗಿಳಿದಿದ್ರು.”

“ಚಿಟ್ಟೆ ಪೆಟ್ಟಿಗೆ?”

“ಮೇಜಿನ ಮೇಲಿತ್ತು.”

“ಈ ಖಾನೆಗಳಲ್ಲಿರೋ ಚಿಟ್ಟೆಗಳನ್ನೆಲ್ಲ ಸೂಜಿಗೆ ಕೂರಿಸಿದ್ದು ಯಾರು?”

“ಇವರೇ. ಇನ್ಯಾರು?”

“ಮೇಷ್ಟ್ರ ಕೈ ನಡುಗತ್ತಲ್ಲ.”

“ಆಗ ನಡುಗ್ತಿರ್ಲಿಲ್ಲ.”

“ಯಾವಾಗಿಂದ ನಡುಗೋಕೆ ಶುರುವಾಯ್ತು?”

ಅಮ್ಮಾವ್ರು ಗಂಟು ಹಾಕುತ್ತಾ ಯೋಚಿಸಿದರು. “ಹುಟ್ಟಿದಾಗಿಂದ ಅಂತೆ. ನಮ್ಮತ್ತೆ ಹೇಳ್ತಿದ್ರು, ತೊಟ್ಟಿಲಲ್ಲೇ ಗಿಲಕಿ ಅಲ್ಲಾಡಿಸೋ ಅಗತ್ಯ ಇರ್ಲಿಲ್ಲ, ಕೈಯಲ್ಲಿ ಕೊಟ್ರೆ ತಾನೇ ಅಲ್ಲಾಡ್ತಿತ್ತು ಅಂತ.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಅನ್ನುವುದು ಅವರಿಗೇ ಗೊತ್ತಾಯಿತು. ಸೂಜಿ ನಿಂತಿತು. ತೋಳು ಇನ್ನೂ ದಾರದ ತುದಿಯಲ್ಲಿತ್ತು. ಆರೋಪಿಯ ಕೈಯಲ್ಲಿ ಸೂಜಿ, ಪೊಲೀಸರ ಮಣಿಕಟ್ಟು ಅದರ ಕೆಳಗೆ. ಇಂಥ ವಿಚಾರಣೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

“ಹನ್ನೊಂದು ಸಾವಿರದ ಮುನ್ನೂರು,” ಅಂದರು ಅಮ್ಮಾವ್ರು ಕೊನೆಗೆ. “ಇಲ್ಲಿರೋ ಚಿಟ್ಟೆಗಳು. ಅಷ್ಟನ್ನೂ ಸೂಜಿಗೆ ಕೂರಿಸಿದ್ದು ನಾನು. ಚೀಟಿ ಮೇಲೆ ಇವರ ಹೆಸರು. ಅದಕ್ಕೇನೂ ನನಗೆ ಬೇಜಾರಿಲ್ಲ.” ಒಂದು ಹೊಲಿಗೆ ಹಾಕಿದರು. “ಸ್ವಲ್ಪ ಇದೆ.”

“ಮತ್ತೆ ಆ ಚಿಟ್ಟೆ?”

“ಅದನ್ನ ಹಿಡಿದದ್ದೂ ನಾನೇ. ಇವರು ಮರದ ತುದಿ ನೋಡ್ತಾ ಕತ್ತು ನೋಯಿಸ್ಕೋತಿದ್ರು. ಇದು ನನ್ನ ಛತ್ರಿ ಮೇಲೆ ಕೂತಿತ್ತು. ಹೊಸದು ಅಂತ ಗೊತ್ತಾದಾಗ ಯಾರ ಹೆಸರಿಟ್ರು ಗೊತ್ತಾ ತಾಯಿ? ಇವರಿಗೆ ಪಾಠ ಹೇಳಿದ ಮೇಷ್ಟ್ರದ್ದು. ಆ ಮನುಷ್ಯ ಜೀವಮಾನದಲ್ಲಿ ಒಂದು ಚಿಟ್ಟೆ ಹಿಡಿದವನಲ್ಲ, ಜೀರುಂಡೆ ಪಂಡಿತ.”

“ಕಾಲು ನೀವೇ ತೆಗೆದ್ರಾ?”

ಅಮ್ಮಾವ್ರು ದಾರ ಕಡಿದರು. ಗುಂಡಿಯನ್ನು ಒಮ್ಮೆ ಎಳೆದು ನೋಡಿದರು, ಭದ್ರವಾಗಿತ್ತು. ಆಮೇಲೆ ಸೂಜಿಡಬ್ಬಿಯ ತಳದಿಂದ ಮಡಚಿದ ತೆಳುಕಾಗದ ತೆಗೆದು ಇನ್ಸ್‌ಪೆಕ್ಟರಮ್ಮನ ಅಂಗೈಯಲ್ಲಿಟ್ಟರು. ಒಳಗೆ ಕಣ್ರೆಪ್ಪೆಯ ಕೂದಲಿನಷ್ಟು ತೆಳ್ಳಗಿನ ಒಂದು ಕಾಲು.

“ಬಾಗಿಲ ಕಡೆ ಕಣ್ಣು, ಪೆಟ್ಟಿಗೆ ಕಡೆ ಕೈ. ನೋಡಬೇಕಾಗಿಯೂ ಇರ್ಲಿಲ್ಲ, ಬೆರಳಿಗೇ ಗೊತ್ತು. ಎರಡೇ ನಿಮಿಷ.”

ಇನ್ಸ್‌ಪೆಕ್ಟರಮ್ಮ ಉಸಿರು ಬಿಟ್ಟಳು. ಮೂರು ದಿನದ ಗೇಲಿ, ದೊಡ್ಡ ಸಾಹೇಬರ ನಗು, ಎಲ್ಲಕ್ಕೂ ಉತ್ತರ ಅಂಗೈಯಲ್ಲಿತ್ತು. ಅದು ಹುಳುವಿನ ಕಾಲು ಅನ್ನುವುದೂ ಆ ಗಳಿಗೆಯಲ್ಲಿ ಮರೆತಿತ್ತು.

“ಕಾಲು ಸಿಕ್ಕಿತು ಅಂತ ಬರೀಲಾ ಮೇಡಂ?”

“ತಡಿ. ಯಾಕಮ್ಮ ತೆಗೆದ್ರಿ? ಮೇಷ್ಟ್ರ ಮಾತು ಸುಳ್ಳಾಗತ್ತೆ ಅಂತಾನಾ?”

“ಅವರ ಮಾತು ಸುಳ್ಳಲ್ಲ. ಸುಳ್ಳಿರೋದು ಕಾಲಲ್ಲಿ.” ಅಮ್ಮಾವ್ರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. “ಹೆಸರು ಅಚ್ಚಾಗಿ ಬಂದ ಮರುವಾರ ನುಸಿಗುಳಿಗೆ ಬದಲಾಯಿಸ್ತಿದ್ದೆ. ಪೆಟ್ಟಿಗೆ ಕೈಜಾರಿ ಬಿತ್ತು. ರೆಕ್ಕೆ ನಾಲ್ಕೂ ನೆಟ್ಟಗಿದ್ವು. ಮೈ ಪುಡಿ ಪುಡಿ. ಇವರಿಗೆ ಹೇಳೋ ಧೈರ್ಯ ಬರ್ಲಿಲ್ಲ. ಬೇಡದ ಚಿಟ್ಟೆಗಳ ಡಬ್ಬಿಯಿಂದ ಒಂದು ಮಾಮೂಲಿ ತಾಳೆಚಿಟ್ಟೆ ಮೈ ತಗೊಂಡೆ. ಅದರ ಕಾಲುಗಳು ಆಗಲೇ ಉದುರಿದ್ವು, ಒಂದೇ ಉಳಿದಿತ್ತು. ಅದಕ್ಕೆ ಆ ರೆಕ್ಕೆಗಳನ್ನ ಅಂಟಿಸಿದೆ.”

“ಏನು ಹಾಕಿ ಅಂಟಿಸಿದ್ರಿ?”

“ಉಗುರು ಬಣ್ಣ. ಗುಲಾಬಿ. ಕೈಗೆ ಅದೇ ಸಿಕ್ಕಿದ್ದು.”

ಉದ್ದಣ್ಣನ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು.

“ಈಗ ಅಳಿಯಂದ್ರು ಆ ಕಾಲು ಪರೀಕ್ಷೆ ಮಾಡಿದ್ರೆ ಏನು ಬರತ್ತೆ? ಮಾಮೂಲಿ ಚಿಟ್ಟೆ ಅಂತ ಬರತ್ತೆ. ನಲವತ್ತು ವರ್ಷದ ಕೆಲಸ ಒಂದು ಚೀಟಿಯಲ್ಲಿ ಹೋಗತ್ತೆ. ಅದೂ ಅವರ ತಪ್ಪಿಗಲ್ಲ, ನನ್ನ ಕೈ ಜಾರಿದ್ದಕ್ಕೆ.” ಅವರ ಕಣ್ಣು ತುಂಬಿತು, ಆದರೆ ಕೈ ಆಗಲೂ ಅಲುಗಲಿಲ್ಲ. “ಜೈಲಿಗೆ ಹಾಕೋದಾದ್ರೆ ಹಾಕಿ ತಾಯಿ. ಇವರಿಗೆ ಮಾತ್ರ ಹೇಳ್ಬೇಡಿ.”

ಚಿಟ್ಟೆ ಕಾಲಿಗೆ ಯಾವ ಕಲಮಿನಡಿ ಜೈಲು ಎಂದು ಇನ್ಸ್‌ಪೆಕ್ಟರಮ್ಮ ಮೂರು ದಿನದಿಂದ ಹುಡುಕಿ ಸೋತಿದ್ದಳು. “ಜೈಲಿನ ಮಾತು ಬಿಡಿ. ಆ ಬಣ್ಣ ಎಲ್ಲಿದೆ ತೋರಿಸಿ. ವರದಿಗೆ ಬೇಕು.”

ಮೊಹರು ಹರಿದು ಮುಚ್ಚಳ ತೆಗೆದರು. ಅಮ್ಮಾವ್ರು ಸೂಜಿಯ ತಲೆ ಹಿಡಿದು ಚಿಟ್ಟೆಯನ್ನು ಮೇಲೆತ್ತಿ, ಹೂವಿನಷ್ಟು ಹಗುರಾಗಿ ಮಗುಚಿದರು. ಭೂತಗನ್ನಡಿಯಲ್ಲಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇಲ್ಲ.”

“ಏನಿಲ್ಲ?”

“ನಾಲ್ಕು ಚುಕ್ಕೆ ಇರಬೇಕಿತ್ತು. ಒಂದೂ ಇಲ್ಲ.”

“ಹಳೇದಾಗಿ ಉದುರಿಹೋಗಿರಬಹುದು.”

“ಉದುರಿದ್ರೆ ರೆಕ್ಕೆಯೂ ಉದುರಬೇಕು ತಾಯಿ. ಈ ರೆಕ್ಕೆ ಹುಟ್ಟುವಾಗಲೇ ಈ ಮೈಗೆ ಅಂಟಿಕೊಂಡು ಬಂದದ್ದು.” ಅವರು ಚಿಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. “ಅದಕ್ಕೇ ಆವತ್ತು ಕಾಲು ಅಷ್ಟು ಸಲೀಸಾಗಿ ಬಂತು. ಹಳೇ ಕಾಲಾಗಿದ್ರೆ ಮುಟ್ಟಿದ್ರೆ ಪುಡಿಯಾಗಬೇಕಿತ್ತು. ನನಗೆ ಹೊಳೀಲೇ ಇಲ್ಲ. ಇದು ನಮ್ಮ ಚಿಟ್ಟೆ ಅಲ್ಲ.”

ಇನ್ಸ್‌ಪೆಕ್ಟರಮ್ಮ ಕಾಲಿದ್ದ ತೆಳುಕಾಗದವನ್ನು ಮತ್ತೆ ಮಡಚಿದಳು. ಬಂದದ್ದು ಒಂದು ಕಾಲು ಹುಡುಕಲು. ಕಾಲು ಸಿಕ್ಕಿತು, ಚಿಟ್ಟೆಯೇ ನಾಪತ್ತೆ.

“ಅವರಿಬ್ಬರನ್ನೂ ಕರಿ,” ಅಂದಳು ಉದ್ದಣ್ಣನಿಗೆ.

ಮಾವ ಅಳಿಯ ಬೆಂಚಿನ ಎರಡು ತುದಿಗೆ ಕೂತು, ನಡುವೆ ಮೂವರು ಕೂರುವಷ್ಟು ಜಾಗ ಬಿಟ್ಟು ಉಂಡಿದ್ದರು. ಅಳಿಯಂದಿರು ಮೊದಲು ಬಾಗಿದರು. ನೋಡುತ್ತಾ ನೋಡುತ್ತಾ ಅವರ ಮುಖದ ಬಣ್ಣ ಬದಲಾಯಿತು.

“ರೆಕ್ಕೆಯ ಚಿತ್ತಾರ ಅದೇ. ಆದ್ರೆ ಬಣ್ಣ ಮಾಸಿಯೇ ಇಲ್ಲ. ನಲವತ್ತು ವರ್ಷದ್ದು ಇಷ್ಟು ಹೊಳೆಯೋಕೆ ಸಾಧ್ಯವೇ ಇಲ್ಲ.”

“ಮೂರು ದಿನದಿಂದ ನೋಡ್ತಾನೇ ಇದೀರಲ್ಲ ಸಾರ್.”

“ನಾನು ಕಾಲು ನೋಡ್ತಿದ್ದೆ,” ಅಂದರು ಅಳಿಯಂದಿರು ಸಣ್ಣ ಧ್ವನಿಯಲ್ಲಿ.

ಮೇಷ್ಟ್ರು ಹತ್ತಿರ ಬಂದರು. ನಡುಗುವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗುಚಿದ ಚಿಟ್ಟೆಯ ಮೇಲೆ ಮುಖವಿಟ್ಟು ನೋಡಿದರು. ಯಾರೂ ಏನೂ ಹೇಳುವ ಮೊದಲೇ ಕೇಳಿದರು.

“ಗುಲಾಬಿ ಚುಕ್ಕೆಗಳು ಎಲ್ಲಿ?”

ಅಮ್ಮಾವ್ರು ಗಂಡನ ಕಡೆ ತಿರುಗಿದರು.

“ರೀ,” ಅಂದರು ಅಮ್ಮಾವ್ರು. “ನಿಮಗೆ ಗೊತ್ತಿತ್ತಾ?”

“ಮೊದಲ ದಿನದಿಂದ. ನಿನ್ನ ಉಗುರಲ್ಲೂ ಅದೇ ಬಣ್ಣ ಇತ್ತಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಒಂದು ವರ್ಷ ಆಯ್ತು, ಎರಡಾಯ್ತು. ಆಮೇಲೆ ಕೇಳಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು. ಬೇರೆ ಮೈಗೆ ನೀನು ರೆಕ್ಕೆ ಅಷ್ಟು ಚೆನ್ನಾಗಿ ಅಂಟಿಸಿದ್ದೆ.”

ಅಮ್ಮಾವ್ರು ಗಂಡನನ್ನೇ ನೋಡಿದರು. ನಲವತ್ತು ವರ್ಷ ಒಬ್ಬರಿಂದ ಒಬ್ಬರು ಬಚ್ಚಿಟ್ಟದ್ದು ಒಂದೇ ಗುಟ್ಟು ಅನ್ನುವುದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ, “ಡಬ್ಬಿಯಲ್ಲಿ ಹಾಗೇ ಬಿಟ್ಟಿದೀರಲ್ಲ, ಪೂರ್ತಿ ಊಟ ಮಾಡಬಾರದೇ?” ಅಂದರು.

“ಮಾವ,” ಅಂದರು ಅಳಿಯಂದಿರು. ಹದಿನಾಲ್ಕು ತಿಂಗಳ ಮೇಲೆ ಅದು ಮೊದಲ ನೇರ ಮಾತು. “ಕಾಲು ಕೊಡಲ್ಲ ಅಂತ ಹಠ ಹಿಡಿದಿದ್ದು ಇದಕ್ಕೇನಾ?”

“ಕೊಟ್ಟಿದ್ರೆ ನಿಮ್ಮತ್ತೆ ಹೆಸರು ಹೊರಗೆ ಬರ್ತಿತ್ತು.”

“ಹಾಗಾದ್ರೆ ಇದು,” ಅಳಿಯಂದಿರು ಪೆಟ್ಟಿಗೆ ತೋರಿಸಿದರು, “ಅಂಟಿಸಿದ್ದಲ್ಲ. ನಿಜವಾದದ್ದು. ಎರಡನೇದು. ಲೋಕದಲ್ಲಿ ಒಂದೇ ಇದೆ ಅಂದ್ಕೊಂಡಿದ್ದ ಚಿಟ್ಟೆಯ ಇನ್ನೊಂದು.”

“ಅದೂ ಹೊಸದು,” ಅಂದರು ಮೇಷ್ಟ್ರು. ಅವರ ದನಿಯೂ ಈಗ ಕೈಯ ಹಾಗೆ ನಡುಗಿತು. “ಎಲ್ಲೋ ಬದುಕಿದ್ದದ್ದು.”

ಇನ್ಸ್‌ಪೆಕ್ಟರಮ್ಮನಿಗೆ ಬೇಕಾದದ್ದು ಬೇರೆ. “ಹಳೇದನ್ನ ತೆಗೆದು ಇದನ್ನಿಟ್ಟವರು ಲೆಕ್ಕವಾಗಿ ಒಂದೇ ಕಾಲು ಬಿಟ್ಟು ಉಳಿದದ್ದು ಕಿತ್ತಿದಾರೆ. ಹಳೇದನ್ನ ಚೆನ್ನಾಗಿ ಬಲ್ಲವರೇ. ಮೇಷ್ಟ್ರೇ, ಗುಲಾಬಿ ಚುಕ್ಕೆ ಕೊನೇ ಸಲ ಯಾವಾಗ ನೋಡಿದ್ರಿ?”

“ಶನಿವಾರ. ಪ್ರತಿ ಶನಿವಾರ ನೋಡ್ತೀನಿ.”

“ಸೋಮವಾರ ಮಧ್ಯಾಹ್ನ ಅಮ್ಮ ಕಾಲು ತೆಗೆದಾಗ ಇದಿತ್ತು. ಅಂದ್ರೆ ನಡುವಿನ ಭಾನುವಾರ. ಖಾನೆ ಕೀಲಿ ಯಾರ್ಯಾರ ಹತ್ರ ಇದೆ?”

“ಒಂದು ನನ್ನ ಹತ್ರ. ಇನ್ನೊಂದು ಅಳಿಯಂದ್ರ ಹತ್ರ.”

ಎಲ್ಲರೂ ಅಳಿಯಂದಿರ ಕಡೆ ತಿರುಗಿದರು. ಅವರು ಕಿಸೆಯಿಂದ ಕೀಲಿಗೊಂಚಲು ತೆಗೆದು, ಅದನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

“ಭಾನುವಾರ ಇದು ನನ್ನ ಹತ್ರ ಇರ್ಲಿಲ್ಲ,” ಅಂದರು. “ಅಪ್ಪನ ಮೇಜು ಒರೆಸಿ ಬರ್ತೀನಿ ಅಂತ ನಿಮ್ಮ ಮಗಳು ಇಸ್ಕೊಂಡು ಹೋಗಿದ್ಲು.”

ಅಮ್ಮಾವ್ರು ಸ್ಟೂಲಿನ ಮೇಲೆ ಕೂತುಬಿಟ್ಟರು.

“ಅವರಿಗೆ ಫೋನ್ ಮಾಡಿ,” ಅಂದಳು ಇನ್ಸ್‌ಪೆಕ್ಟರಮ್ಮ. “ಸ್ಪೀಕರ್ ಹಾಕಿ. ನಾವಿದೀವಿ ಅಂತ ಹೇಳ್ಬೇಡಿ.”

ಮೊದಲ ರಿಂಗಿಗೇ ಆ ಕಡೆಯಿಂದ ಪಿಸುದನಿ ಬಂತು.

“ರೀ, ಪೊಲೀಸರು ಹೋದ್ರಾ?”

ಅಳಿಯಂದಿರು ಇನ್ಸ್‌ಪೆಕ್ಟರಮ್ಮನ ಮುಖ ನೋಡಿದರು. ಆಕೆ ತಲೆಯಾಡಿಸಿದಳು.

“ಹೂಂ, ಹೋದ್ರು.”

“ಹಾಗಾದ್ರೆ ಈಗಲೇ ಹೊರಟು ಬನ್ನಿ. ಅಪ್ಪ ಅಮ್ಮನಿಗೆ ಹೇಳ್ಬೇಡಿ, ನಾನೇ ಎಲ್ಲ ಹೇಳ್ತೀನಿ. ಕುಂಡದ ತಾಳೆಗಿಡದಲ್ಲಿ ಇನ್ನೂ ಮೂರು ಚಿಟ್ಟೆ ರೆಕ್ಕೆ ಬಿಚ್ಚಿವೆ. ಒಂದು ಪರದೆ ಮೇಲಿದೆ, ಎರಡು ಫ್ಯಾನಿನ ಮೇಲೆ. ಕಿಟಕಿ ಎಲ್ಲ ಮುಚ್ಕೊಂಡು ಕೂತಿದೀನಿ.” ಅವಳ ದನಿ ಇನ್ನೂ ಕೆಳಗಿಳಿಯಿತು. “ಬಾಗಿಲಲ್ಲಿ ಒಬ್ಬ ಮುದುಕ ನಿಂತಿದಾನೆ ರೀ. ಆಗಲೇ ಎರಡು ಸಲ ಬಡಿದ. ನನ್ನ ಚಿಟ್ಟೆ ನನಗೆ ವಾಪಸ್ ಕೊಡಿ ಅಂತಿದಾನೆ. ಅವನ ಕೈಯಲ್ಲಿ ಅಪ್ಪನ ಹಳೇ ಚಿಟ್ಟೆ ಇರೋ ಒಂದು ಪೆಟ್ಟಿಗೆ ಇದೆ.”